ಅಮ್ಮನ ಬಣ್ಣ

2023ರ ಜನವರಿ 24, ಮಂಗಳವಾರ. ಸಂಜೆ ಏಳು ಗಂಟೆ ಆಸುಪಾಸು. ನಿಮಗೆ ನೆನಪಿರಬಹುದು, ಅವತ್ತು ಆಸ್ಕರ್ ನಾಮನಿರ್ದೇಶನದ ಪಟ್ಟಿ ಬಂತು. 'ನಾಟು ನಾಟು' ಹಾಡು ಪಟ್ಟಿಯಲ್ಲಿದೆ ಅಂತ ಗೊತ್ತಾದ ಕೂಡಲೇ ನಮ್ಮ ನ್ಯೂಸ್ ರೂಮಿನಲ್ಲಿ ಹಬ್ಬದ ವಾತಾವರಣ. ಆ ಗಲಾಟೆಯ ಮಧ್ಯೆ ಇನ್ನೊಂದು ಸುದ್ದಿ ನನ್ನ ಮೇಜಿಗೆ ಬಂತು. ಮಲೇಷ್ಯಾದ ಮಿಶೆಲ್ ಯೋ ಅವರಿಗೆ ಅತ್ಯುತ್ತಮ ನಟಿ ವಿಭಾಗದಲ್ಲಿ ನಾಮನಿರ್ದೇಶನ. ತಾನು ಏಷ್ಯಾದವಳು ಅಂತ ಗುರುತಿಸಿಕೊಂಡವರಲ್ಲಿ ಇವರೇ ಮೊದಲಿಗರು ಅಂತ ಅದರಲ್ಲಿ ಬರೆದಿತ್ತು.

ಡೆಸ್ಕಿನಲ್ಲಿದ್ದ ಹುಡುಗಿ ಕೇಳಿದಳು: "ಸರ್, ಈ 'ಗುರುತಿಸಿಕೊಂಡವರಲ್ಲಿ' ಅನ್ನೋದು ಯಾಕೆ? ಸುಮ್ಮನೆ ಏಷ್ಯಾದ ಮೊದಲ ನಟಿ ಅಂತ ಬರೆದ್ರೆ ಸಾಲದಾ?"

"ಸಾಲದು ಕಣಮ್ಮ. ಅದಕ್ಕೆ 87 ವರ್ಷ ಮೊದಲೇ ಒಬ್ಬರು ಆ ಪಟ್ಟಿಯಲ್ಲಿದ್ದರು. ನಮ್ಮ ಬಾಂಬೆಯಲ್ಲೇ ಹುಟ್ಟಿದವರು. ಆದರೆ ಅದನ್ನ ಅವರು ಸಾಯುವ ತನಕ ಬಾಯಿಬಿಟ್ಟು ಹೇಳಲಿಲ್ಲ" ಅಂದೆ.

ಆ ಒಂದು ಪದದ ಹಿಂದೆ ಇರುವ ಹೆಣ್ಣುಮಗಳ ಕಥೆಯನ್ನು ಇವತ್ತು ನಿಮಗೆ ಹೇಳಬೇಕು. ಹೆಸರು ಮರ್ಲ್ ಒಬೆರಾನ್.

ಹುಟ್ಟಿದ್ದು 1911ರ ಫೆಬ್ರವರಿ 19, ಬಾಂಬೆಯಲ್ಲಿ. ಇಟ್ಟ ಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್. ಮನೆಯಲ್ಲಿ ಕರೆಯುತ್ತಿದ್ದದ್ದು ಕ್ವೀನಿ ಅಂತ. ತಂದೆ ಇಂಗ್ಲೆಂಡಿನಿಂದ ಬಂದು ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಥಾಂಪ್ಸನ್. ಸಾಕಿದ ತಾಯಿ ಷಾರ್ಲೆಟ್ ಸೆಲ್ಬಿ, ಸಿಲೋನ್ ಮೂಲದವರು, ಮಿಶ್ರ ರಕ್ತದವರು, ಮೈಬಣ್ಣ ಕಪ್ಪು. ಮಗು ಚಿಕ್ಕದಿರುವಾಗಲೇ ತಂದೆ ಹೋದರು. 1917ರಲ್ಲಿ ತಾಯಿ ಮಗಳು ಕಲ್ಕತ್ತಾಗೆ ಬಂದರು. ಲಾ ಮಾರ್ಟಿನಿಯರ್ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಸೀಟು ಸಿಕ್ಕಿತು. ಅಲ್ಲಿ ಮಕ್ಕಳು ಇವಳ ಹುಟ್ಟನ್ನು ಎತ್ತಿ ಎಷ್ಟು ಚುಚ್ಚಿದರು ಅಂದರೆ, ಹುಡುಗಿ ಶಾಲೆಯನ್ನೇ ಬಿಟ್ಟಳು. ಆಮೇಲೆ ಟೆಲಿಫೋನ್ ಆಪರೇಟರ್ ಕೆಲಸ. ಸಂಜೆ ಹೊತ್ತು ಕಲ್ಕತ್ತಾದ ಹವ್ಯಾಸಿ ನಾಟಕ ಸಂಘ. ತಲೆಯಲ್ಲಿ ಸಿನಿಮಾ.

ಹದಿನೇಳು ಹದಿನೆಂಟರ ವಯಸ್ಸಿಗೆ ಯುರೋಪಿಗೆ ಹೊರಟಳು. ಲಂಡನ್ನಿನ ಕೆಫೆ ದಿ ಪ್ಯಾರಿಸ್‌ನಲ್ಲಿ ಅತಿಥಿಗಳನ್ನು ಉಪಚರಿಸುವ ಕೆಲಸ, ಸಿನಿಮಾಗಳಲ್ಲಿ ಹೆಸರಿಲ್ಲದ ಚಿಲ್ಲರೆ ಪಾತ್ರ. ಅಲ್ಲಿ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಣ್ಣಿಗೆ ಬಿದ್ದಳು. 1933ರಲ್ಲಿ ಬಂದ ಎಂಟನೇ ಹೆನ್ರಿಯ ಚಿತ್ರದಲ್ಲಿ ಆ್ಯನ್ ಬೋಲಿನ್ ಪಾತ್ರ. ತೆರೆಯ ಮೇಲೆ ಇರೋದು ಕೆಲವೇ ನಿಮಿಷ, ಆದರೆ ಜನ ಯಾರು ಈಕೆ ಅಂತ ಕೇಳಿದರು.

ಯಾರು ಈಕೆ? ಅದೇ ಪ್ರಶ್ನೆ ನೋಡಿ. ಉತ್ತರ ಬೇಕಿತ್ತಲ್ಲ? ಪ್ರಚಾರ ಮಾಡುವವರು ಒಂದು ಉತ್ತರ ತಯಾರು ಮಾಡಿದರು. ಈಕೆ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ. ಒಳ್ಳೆಯ ಬಿಳಿಯರ ಮನೆತನ. ತಂದೆ ಬೇಟೆಗೆ ಹೋದಾಗ ತೀರಿಕೊಂಡರು, ಆಮೇಲೆ ಮಗಳು ಭಾರತದಲ್ಲಿ ಬೆಳೆದಳು. ಇದು ಕಥೆ. ಟಾಸ್ಮೇನಿಯಾ ಯಾಕೆ? ಲಂಡನ್ನಿಗೂ ದೂರ, ಹಾಲಿವುಡ್ಡಿಗೂ ದೂರ. ಅಲ್ಲಿಗೆ ಹೋಗಿ ವಿಚಾರಿಸುವವರು ಯಾರು?

ಸುಳ್ಳು ಹೇಳಿದಳು ಅಂತ ಸುಲಭವಾಗಿ ಅಂದುಬಿಡಬಹುದು. ಸ್ವಲ್ಪ ತಾಳಿ. ಅವತ್ತಿನ ಅಮೆರಿಕ ಹೇಗಿತ್ತು ಅನ್ನೋದನ್ನ ನೋಡೋಣ. ಭಗತ್ ಸಿಂಗ್ ಥಿಂಡ್ ಅನ್ನುವ ನಮ್ಮ ಪಂಜಾಬಿನ ವ್ಯಕ್ತಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು, ಪೌರತ್ವ ಕೇಳಿದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ. ಮುಂದಿನ ವರ್ಷವೇ ಏಷ್ಯಾದವರು ಬಂದು ನೆಲೆಸುವುದಕ್ಕೂ ಬಾಗಿಲು ಹಾಕಿದರು. ಆ ಬಾಗಿಲು ಭಾರತೀಯರಿಗೆ ಸ್ವಲ್ಪ ತೆರೆದದ್ದು 1946ರಲ್ಲಿ.

ಸಿನಿಮಾದವರ ನಿಯಮ ಇನ್ನೊಂದು. ಬಿಳಿಯರಿಗೂ ಕರಿಯರಿಗೂ ಪ್ರಣಯ ತೋರಿಸಬಾರದು ಅಂತ ಸ್ಟುಡಿಯೋಗಳ ಸಂಹಿತೆಯಲ್ಲೇ ಬರೆದಿತ್ತು. ಅದರ ನೆರಳು ಬೇರೆ ಬಣ್ಣದವರ ಮೇಲೂ ಬಿತ್ತು. ಆ್ಯನಾ ಮೇ ವಾಂಗ್ ಅನ್ನುವ ನಟಿ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದವರು, ಚೀನೀ ಮೂಲದವರು. ಚೀನಾದ ರೈತ ಕುಟುಂಬದ ಕಥೆ 'ದಿ ಗುಡ್ ಅರ್ತ್' ಸಿನಿಮಾ ಆದಾಗ ನಾಯಕಿ ಪಾತ್ರ ಅವರಿಗೆ ಸಿಗಲಿಲ್ಲ. ಬಿಳಿಯ ನಟಿ ಲೂಯಿಸ್ ರೈನರ್‌ಗೆ ಮೇಕಪ್ ಮಾಡಿ ಚೀನೀ ಹೆಂಗಸು ಮಾಡಿದರು. ರೈನರ್‌ಗೆ ಆಸ್ಕರ್ ಬಂತು. ಮರ್ಲ್ ನಿಜ ಹೇಳಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ನಿಜ ಹೇಳಲಿಲ್ಲ, ಹಾಗಾಗಿ 1935ರಲ್ಲಿ 'ದಿ ಡಾರ್ಕ್ ಏಂಜೆಲ್' ಚಿತ್ರದಲ್ಲಿ ಅಪ್ಪಟ ಇಂಗ್ಲಿಷ್ ಹುಡುಗಿಯ ಪಾತ್ರ ಸಿಕ್ಕಿತು. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ. ಗೆದ್ದದ್ದು ಬೆಟ್ಟಿ ಡೇವಿಸ್. ಆದರೆ ಅತ್ಯುತ್ತಮ ನಟಿಯರ ಪಟ್ಟಿಯಲ್ಲಿ ಏಷ್ಯಾ ಮೂಲದ ಮೊದಲ ಹೆಸರು ಬಂದಾಗಿತ್ತು. ಒಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

1939ರಲ್ಲಿ 'ವುದರಿಂಗ್ ಹೈಟ್ಸ್' ಬಂತು. ನಾಯಕ ಲಾರೆನ್ಸ್ ಒಲಿವಿಯರ್. ನಾಯಕಿ ಪಾತ್ರ ತನ್ನ ಪ್ರೇಯಸಿ ವಿವಿಯನ್ ಲೀಗೆ ಸಿಗಲಿ ಅಂತ ಅವರ ಆಸೆ. ಸಿಕ್ಕಿದ್ದು ಮರ್ಲ್‌ಗೆ. ವಿವಿಯನ್ ಲೀ ಅದೇ ವರ್ಷ 'ಗಾನ್ ವಿತ್ ದಿ ವಿಂಡ್' ಮಾಡಿ ಆಸ್ಕರ್ ಗೆದ್ದರು. ಈ ವಿವಿಯನ್ ಲೀ ಹುಟ್ಟಿದ್ದು ಎಲ್ಲಿ? ಡಾರ್ಜಿಲಿಂಗ್‌ನಲ್ಲಿ, 1913ರಲ್ಲಿ. ಅವರೇನೂ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡುವ ಅಗತ್ಯವೇ ಬರಲಿಲ್ಲ. ಭಾರತದಲ್ಲಿ ಹುಟ್ಟಿದ್ದು ಅವಮಾನ ಆಗಿರಲಿಲ್ಲ ಸ್ವಾಮಿ. ಆ ಹೊಟ್ಟೆಯಲ್ಲಿ ಹುಟ್ಟಿದ್ದು ಅವಮಾನ. ಮರ್ಲ್ ಮುಚ್ಚಿಟ್ಟಿದ್ದು ಒಂದು ಊರನ್ನಲ್ಲ, ಒಬ್ಬ ತಾಯಿಯನ್ನು.

ಈಗ ಆ ತಾಯಿಯ ವಿಷಯಕ್ಕೆ ಬರ್ತೀನಿ.

ಷಾರ್ಲೆಟ್ ಲಂಡನ್ನಿನಲ್ಲಿ ಮಗಳ ಜೊತೆಗೇ ಇದ್ದರು. ಮನೆಗೆ ಅತಿಥಿಗಳು ಬರುತ್ತಿದ್ದರು. ಸಾಕಿ ಸಲಹಿದ ಆ ಹೆಂಗಸು ಅವರ ಕಣ್ಣಿಗೆ ಆ ಮನೆಯ ಕೆಲಸದವರು. ಮಗಳು ಹಾಗೆಯೇ ಪರಿಚಯ ಮಾಡಿಸುತ್ತಿದ್ದರು ಅಂತ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಒಂದು ಕ್ಷಣ ಆ ಮನೆಯ ಹಜಾರವನ್ನು ಕಣ್ಣೆದುರು ತಂದುಕೊಳ್ಳಿ. ಮಗಳು ಸೋಫಾದ ಮೇಲೆ, ತಾಯಿ ಬಾಗಿಲ ಹತ್ತಿರ. 1937ರಲ್ಲಿ ಷಾರ್ಲೆಟ್ ತೀರಿಕೊಂಡರು.

ಹನ್ನೆರಡು ವರ್ಷ ಕಳೆಯಿತು. 1949ರಲ್ಲಿ ಮರ್ಲ್ ಒಬ್ಬ ಚಿತ್ರಕಾರರಿಗೆ ತಾಯಿಯ ಹಳೆಯ ಫೋಟೋ ಕೊಟ್ಟು ಭಾವಚಿತ್ರ ಬರೆಯಲು ಹೇಳಿದರು. ಜೊತೆಗೆ ಒಂದು ಸೂಚನೆ. ಮೈಬಣ್ಣ ತಿಳಿಯಾಗಿರಬೇಕು. ಹಾಗೇ ಆಯಿತು. ಬೆಳ್ಳಗಾದ ಆ ಅಮ್ಮನ ಚಿತ್ರ ಮರ್ಲ್ ಹೋದ ಮನೆಗಳಲ್ಲೆಲ್ಲ ಗೋಡೆಯ ಮೇಲಿತ್ತು, ಅವರು ಸಾಯುವ ತನಕ.

ಇದನ್ನ ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಎಂಥ ಮಗಳಪ್ಪ ಇವಳು ಅಂತ. ಆಮೇಲೆ ಯೋಚನೆ ಮಾಡಿದೆ. ತಾಯಿ ಬೇಡವೇ ಬೇಡ ಅನ್ನುವವರು ಚಿತ್ರ ಯಾಕೆ ಬರೆಸುತ್ತಾರೆ? ಬೇಕಿತ್ತು. ಕಣ್ಣೆದುರು ಬೇಕಿತ್ತು. ಆದರೆ ಇದ್ದ ಹಾಗೆ ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ.

ತನ್ನ ಮುಖದ ಮೇಲೂ ಅದೇ ಕೆಲಸ ನಡೆದಿತ್ತು. 1937ರಲ್ಲಿ ಕಾರು ಅಪಘಾತವಾಗಿ ಮುಖಕ್ಕೆ ಗಾಯ, ಮಾಡುತ್ತಿದ್ದ ಸಿನಿಮಾ ಅರ್ಧಕ್ಕೆ ನಿಂತಿತು. ಆಮೇಲೆ ಪ್ರಸಾಧನಗಳಿಂದ, ಔಷಧಿಯ ಅಲರ್ಜಿಯಿಂದ ಚರ್ಮ ಕೆಟ್ಟಿತು. ಲೂಸಿಯನ್ ಬಲ್ಲಾರ್ಡ್ ಅನ್ನುವ ಛಾಯಾಗ್ರಾಹಕರು ಇವರಿಗಾಗಿಯೇ ಒಂದು ಲೈಟು ರೂಪಿಸಿದರು. ಕ್ಯಾಮೆರಾದ ಪಕ್ಕದಲ್ಲೇ ಕೂರಿಸಿ ನೇರವಾಗಿ ಮುಖಕ್ಕೆ ಬಿಡುವ ಬೆಳಕು. ಗುರುತುಗಳು ಕಾಣುವುದಿಲ್ಲ, ಮುಖ ತಿಳಿಯಾಗಿ ಕಾಣುತ್ತದೆ. ಅದಕ್ಕೆ ಒಬೆರಾನ್ ಹೆಸರಿನಿಂದಲೇ 'ಓಬಿ' ಅಂತ ಕರೆದರು. ಕೋರ್ಡಾ ಜೊತೆಗಿನ ಮದುವೆ ಮುಗಿದ ಮೇಲೆ 1945ರಲ್ಲಿ ಮರ್ಲ್ ಈ ಬಲ್ಲಾರ್ಡ್ ಅವರನ್ನೇ ಮದುವೆಯಾದರು. ಓಬಿ ಇವತ್ತಿಗೂ ಬಳಕೆಯಲ್ಲಿದೆ.

1978ರಲ್ಲಿ, 67ನೇ ವಯಸ್ಸಿನಲ್ಲಿ, ಮರ್ಲ್ ಆಸ್ಟ್ರೇಲಿಯಾಗೆ ಹೋದರು. ಹೋಬಾರ್ಟ್‌ನವರು ನಮ್ಮೂರ ಮಗಳು ಬಂದಳು ಅಂತ ನಗರಸಭೆಯಲ್ಲಿ ಸ್ವಾಗತ ಇಟ್ಟುಕೊಂಡರು. ತಾನು ಹುಟ್ಟದ ಊರಿನಲ್ಲಿ, ತವರಿನ ಸನ್ಮಾನ! ಮೈ ಸರಿಯಿಲ್ಲ ಅಂತ ಹೇಳಿ ಕಾರ್ಯಕ್ರಮದಿಂದ ಹೊರಟುಬಿಟ್ಟರು. ಮರುವರ್ಷ, 1979ರ ನವೆಂಬರ್ 23ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. 1983ರಲ್ಲಿ ಜೀವನಚರಿತ್ರೆ ಬಂದ ಮೇಲೆ ಬಾಂಬೆಯ ಹುಟ್ಟು ಜಗತ್ತಿಗೆ ಗೊತ್ತಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಷಾರ್ಲೆಟ್ ಹೆತ್ತ ತಾಯಿಯಲ್ಲ, ಅಜ್ಜಿ. ಅಕ್ಕ ಅಂತ ತಿಳಿದಿದ್ದ ಕಾನ್‌ಸ್ಟೆನ್ಸ್ ಹೆತ್ತ ತಾಯಿ. ಆ ಹೆರಿಗೆಯ ಹೊತ್ತಿಗೆ ಕಾನ್‌ಸ್ಟೆನ್ಸ್ ತಾನೇ ಇನ್ನೂ ಮಗು, ಹದಿಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿ. ಮೊಮ್ಮಗಳನ್ನು ಮಗಳು ಅಂತ ಸಾಕಿದ ಷಾರ್ಲೆಟ್ ಎರಡು ಜೀವಗಳ ಮಾನ ಕಾಪಾಡಿದರು. ಕಾನ್‌ಸ್ಟೆನ್ಸ್ ಅವರ ಮಗ ಹ್ಯಾರಿ ಬಾಂಬೆಯಲ್ಲಿ ಜನನ ಪತ್ರ ಹುಡುಕಿ ಈ ಸಂಬಂಧವನ್ನು ಕಂಡುಕೊಂಡರು. ಮರ್ಲ್ ಬದುಕಿದ್ದಾಗ ಅವರನ್ನು ನೋಡಲು ಲಾಸ್ ಏಂಜಲೀಸ್‌ಗೂ ಹೋಗಿದ್ದರು. ಮರ್ಲ್ ಭೇಟಿಗೆ ಒಪ್ಪಲಿಲ್ಲ. ಆ ಬಾಗಿಲು ತೆರೆದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತಿತ್ತಲ್ಲ.

ಸರಿ, ಅದು ಹಾಲಿವುಡ್, ಅದು ಹಳೆಯ ಕಾಲ ಅಂತ ನೀವು ಚಾನೆಲ್ ಬದಲಾಯಿಸುವ ಮೊದಲು ನನ್ನ ಒಂದು ತಪ್ಪೊಪ್ಪಿಗೆ ಕೇಳಿ.

ಕೆಲವು ವರ್ಷಗಳ ಹಿಂದೆ ಹೊಸ ಆ್ಯಂಕರ್‌ಗಳನ್ನು ಆರಿಸುವ ಒಂದು ಸಂದರ್ಶನದಲ್ಲಿ ನಾನೂ ಕೂತಿದ್ದೆ. ಒಬ್ಬ ಹುಡುಗಿ ಬಂದಳು. ಎಂಥ ಕನ್ನಡ ಅಂತೀರಿ! ಅಕಾರ ಹಕಾರ ತಪ್ಪಿಲ್ಲ, ಲ-ಳ ತಪ್ಪಿಲ್ಲ, ಕೇಳಿದ ಪ್ರಶ್ನೆಗೆಲ್ಲ ನಿಖರ ಉತ್ತರ. ಆಕೆ ಹೊರಗೆ ಹೋದ ಮೇಲೆ ಪಕ್ಕದಲ್ಲಿದ್ದವರು ಹೇಳಿದರು: "ಲಕ್ಷಣವಾಗಿದ್ದಾಳೆ, ಆದ್ರೆ ಬಣ್ಣ ಸ್ವಲ್ಪ ಕಮ್ಮಿ. ರೇಡಿಯೋಗೆ ಚೆನ್ನಾಗಿರುತ್ತೆ." ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಮಾತೂ ಆಡಲಿಲ್ಲ. ಆಕೆಗೆ ಕೆಲಸ ಸಿಗಲಿಲ್ಲ. ದಿನಾ ರಾತ್ರಿ ಇಲ್ಲಿ ಕೂತು ಜಗತ್ತಿಗೆಲ್ಲ ಪ್ರಶ್ನೆ ಕೇಳುವ ನಾನು, ಅವತ್ತು ಒಂದು ಪ್ರಶ್ನೆ ಕೇಳಲಿಲ್ಲ.

'ಬಣ್ಣ ಕಮ್ಮಿ' ಅನ್ನೋ ಮಾತನ್ನೇ ನೋಡಿ. ಕಪ್ಪು ಅನ್ನೋದು ಬಣ್ಣವೇ ಅಲ್ಲವಂತೆ, ಅದು ಕೊರತೆಯಂತೆ. ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ ಅಂತೀವಿ. ಆ 'ಇದ್ದರೂ' ಯಾಕೆ? ಮುಖಕ್ಕೆ ಹಚ್ಚುವ ಆ ಪ್ರಸಿದ್ಧ ಕ್ರೀಮಿನ ಹೆಸರಿನಿಂದ 2020ರಲ್ಲಿ ಬಿಳುಪಿನ ಪದವನ್ನು ತೆಗೆದುಹಾಕಿದರು. ನಮ್ಮ ನಾಲಿಗೆಯಿಂದ ಯಾವಾಗ ತೆಗೆಯೋದು?

ನನ್ನದೂ ಅಪ್ಪಟ ಕಪ್ಪು. ನೀವು ಈಗ ನೋಡುತ್ತಿರುವ ಮುಖ ನನ್ನ ಮುಖ ಅಲ್ಲ, ಮೇಕಪ್ ರೂಮಿನಲ್ಲಿ ಇಪ್ಪತ್ತು ನಿಮಿಷ ಕೂತು ಬಂದ ಮುಖ. ಮೊದಲ ಸಲ ಟಿವಿಯಲ್ಲಿ ಕಂಡಾಗ ನಮ್ಮಮ್ಮ ಫೋನ್ ಮಾಡಿ, "ಎಷ್ಟು ಬೆಳ್ಳಗೆ ಕಾಣ್ತೀಯಪ್ಪಾ!" ಅಂತ ಖುಷಿಪಟ್ಟಿದ್ದರು. ನಾನೂ ಖುಷಿಪಟ್ಟೆ. ನನ್ನ ಮುಖದಿಂದ ಅಳಿಸಿದ್ದು ಅವರದೇ ಬಣ್ಣ ಅನ್ನೋದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಾಗಿರುವಾಗ ಮರ್ಲ್ ಒಬೆರಾನ್‌ಗೆ ತೀರ್ಪು ಕೊಡೋಕೆ ನಾನ್ಯಾರು?

ಮಿಶೆಲ್ ಯೋ ಆ ವರ್ಷ ಮಾರ್ಚ್‌ನಲ್ಲಿ ಗೆದ್ದರು. ಅವರು ವೇದಿಕೆಯ ಮೇಲೆ ತಮ್ಮ ತಾಯಿಯನ್ನು ನೆನೆಯಬಹುದಿತ್ತು, ನೆನೆದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಮರ್ಲ್‌ಗೆ ಸಿಗದೇ ಹೋದದ್ದು ಆಸ್ಕರ್ ಅಲ್ಲ, ಅದು.

ನಿಮ್ಮನೆಯಲ್ಲಿ ಹೆಣ್ಣುಮಗಳಿದ್ದರೆ, ಇವತ್ತು ರಾತ್ರಿ ಆಕೆಯ ಎದುರು 'ಬಣ್ಣ ಕಮ್ಮಿ' ಅನ್ನೋ ಮಾತು ಬರದಿರಲಿ. ಅತ್ತೆ ಅಂದರೂ, ಅಜ್ಜಿ ಅಂದರೂ, ಮದುವೆ ಮಾತುಕತೆಗೆ ಬಂದವರು ಅಂದರೂ ಅಲ್ಲೇ ತಡೆಯಿರಿ. ಅವತ್ತು ನಾನು ತಡೆಯಲಿಲ್ಲ. ನೀವು ತಡೆಯಿರಿ.