ಎಡಗಾಲಿಗೆ ಬಿಡುವು

ಹೊಸ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, "ಬಲಗಾಲಿಟ್ಟು ಒಳಗೆ ಬಾರಮ್ಮ" ಎನ್ನುವುದು ನಮ್ಮ ಮನೆಗಳ ಸಂಪ್ರದಾಯ. ಯಾವ ಕಾಲು ಮುಂದೆ ಬರಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರಿಗೆ ಸಂದೇಹವಿರಲಿಲ್ಲ. ಸಂದೇಹ ಬಂದಿರುವುದು ನಮಗೆ. ಅದನ್ನು ತಂದಿರುವುದು ಕ್ಲಚ್ಚಿಲ್ಲದ ಕಾರು. ಆಟೋಮ್ಯಾಟಿಕ್ ಎಂದು ಕರೆಯುವ ಈ ಕಾರಿನಲ್ಲಿ ಕಾಲ ಕೆಳಗಿರುವ ಪೆಡಲುಗಳು ಎರಡೇ. ಬಲಕ್ಕಿರುವುದು ಓಡಿಸುವ ಆಕ್ಸಿಲರೇಟರು. ಅದರ ಎಡಕ್ಕಿರುವುದು ನಿಲ್ಲಿಸುವ ಬ್ರೇಕು. ನಮಗಿರುವ ಕಾಲುಗಳೂ ಎರಡೇ. ಹಾಗಾದರೆ ಕಾಲಿಗೊಂದು ಪೆಡಲು ಎಂದು ಹಂಚಿಕೊಂಡರೆ ಆಗದೆ? ಅಥವಾ ಎರಡು ಕೆಲಸವನ್ನೂ ಬಲಗಾಲೊಂದೇ ಮಾಡಬೇಕೆ?

ಇದೇನು ಮಹಾ ಪ್ರಶ್ನೆ ಎಂದು ನೀವು ನಗಬಹುದು. ನಾನೂ ನಕ್ಕವನೇ. ನಗು ನಿಂತದ್ದು ಒಂದು ಭಾನುವಾರದ ಬೆಳಿಗ್ಗೆ.

ನಾನು ಕಾರು ಕಲಿತದ್ದು ಮೂರು ಪೆಡಲಿನ ಮಾರುತಿ 800ರಲ್ಲಿ. ಇಪ್ಪತ್ತೈದು ವರ್ಷ ನನ್ನ ಎಡಗಾಲು ಕ್ಲಚ್ಚನ್ನು ಒತ್ತಿಕೊಂಡು ಬಂದಿದೆ. ಈಚೆಗೆ ಮಗಳು ಆಟೋಮ್ಯಾಟಿಕ್ ಕಾರೊಂದನ್ನು ಕೊಂಡಳು. ನಾದಿನಿಯ ಮನೆಗೆ ಊಟಕ್ಕೆ ಹೊರಟಾಗ ನಾನೇ ಓಡಿಸುತ್ತೇನೆಂದು ಕುಳಿತೆ. "ಅಪ್ಪಾ, ಎಡಗಾಲನ್ನು ಮರೆತುಬಿಡಿ" ಎಂದು ಮಗಳು ಹಿಂದಿನ ಸೀಟಿನಿಂದ ಎಚ್ಚರಿಸಿದಳು. "ಮೇಷ್ಟರಿಗೇ ಪಾಠವೆ?" ಎಂದೆ. ಎರಡು ಬೀದಿ ಸುಖವಾಗಿ ದಾಟಿದೆವು. ಮೂರನೆಯ ಬೀದಿಯ ತಿರುವಿನಲ್ಲಿ ಗೇರು ಇಳಿಸುವ ಹಳೆಯ ಅಭ್ಯಾಸ ತಲೆಯೆತ್ತಿತು. ಎಡಗಾಲು ತಾನೇ ತಾನಾಗಿ ಹೋಗಿ ಕ್ಲಚ್ಚನ್ನು ತಳದವರೆಗೂ ಒತ್ತಿತು. ಕ್ಲಚ್ಚೆಲ್ಲಿದೆ? ಒತ್ತಿದ್ದು ಬ್ರೇಕನ್ನು. ಕಾರು ಗೂಟ ಬಡಿದಂತೆ ನಿಂತಿತು. ನನ್ನಾಕೆಯ ತೊಡೆಯ ಮೇಲಿದ್ದ ಡಬ್ಬಿಯ ಹುಳಿ ಎದುರಿನ ಗಾಜಿಗೆ ಅಭಿಷೇಕವಾಯಿತು. ಅದು ಹೋಗಲಿ. ನಮ್ಮ ಹಿಂದೆಯೇ ಸ್ಕೂಟರಿನಲ್ಲಿ ಬರುತ್ತಿದ್ದವರು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ನಿಂತರು. ಅವರ ಬೆನ್ನನ್ನು ತಬ್ಬಿ ಕುಳಿತಿದ್ದುದು ಆರೇಳು ವರ್ಷದ ಹುಡುಗಿ. ಅವರು ಬೈಯಲಿಲ್ಲ. "ಹಿಂದೆ ಜನ ಇದ್ದೀವಿ, ಸ್ವಾಮಿ" ಎಂದಷ್ಟೇ ಹೇಳಿ ಹೊರಟುಹೋದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ವ್ಯಾಕರಣದಲ್ಲಿ ಲೋಪವೆಂಬುದೊಂದುಂಟು. ಅಕ್ಷರ ಬಿಟ್ಟುಹೋಗಿರುತ್ತದೆ, ಬಿಟ್ಟುಹೋಗಿದೆಯೆಂಬುದು ತಿಳಿದವನಿಗೆ ತಿಳಿದಿರುತ್ತದೆ. ಈ ಕಾರಿನಲ್ಲಿ ಕ್ಲಚ್ಚು ಲೋಪವಾಗಿದೆ. ಅದು ನನ್ನ ತಲೆಗೆ ಗೊತ್ತಿತ್ತು. ಎಡಗಾಲಿಗೆ ಆ ಸುದ್ದಿ ತಲುಪಿರಲಿಲ್ಲ.

ಈ ಲೋಪ ನಡೆದು ಬಹಳ ಕಾಲವಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು ತಮ್ಮ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಿಂದ ಇಂತಹ ಗೇರನ್ನು ಮಾರಾಟಕ್ಕೆ ತಂದರು. ನಮ್ಮಲ್ಲಿ ಅದು ಬಹುಕಾಲ ಸಿರಿವಂತರ ಸೊತ್ತಾಗಿತ್ತು. 2014ರಲ್ಲಿ ಮಾರುತಿ ಸುಜುಕಿಯವರು ಸೆಲೆರಿಯೋ ಎಂಬ ಸಣ್ಣ ಕಾರಿಗೆ ಕಡಮೆ ವೆಚ್ಚದ ಏರ್ಪಾಡೊಂದನ್ನು ಜೋಡಿಸಿದ ಮೇಲೆ ಸಂಬಳದವರ ಮನೆಯಂಗಳಕ್ಕೂ ಕ್ಲಚ್ಚಿಲ್ಲದ ಕಾರು ಬಂದಿತು. ವಿದ್ಯುತ್ತಿನ ಕಾರುಗಳಲ್ಲಿಯೂ ಕ್ಲಚ್ಚಿನ ಪೆಡಲಿಲ್ಲ. ಆದ್ದರಿಂದ ಈ ಪ್ರಶ್ನೆ ನಾಳೆ ನಿಮ್ಮ ಮನೆಗೂ ಬರುವಂಥದು.

ಎಡಗಾಲಿನ ಪರವಾಗಿ ವಾದಿಸುವವರಿದ್ದಾರೆ. ಅವರ ಮಾತನ್ನು ಮೊದಲು ಕೇಳೋಣ. ಎಡಗಾಲು ಬ್ರೇಕಿನ ಮೇಲೆ ಸಿದ್ಧವಾಗಿದ್ದರೆ, ಬಲಗಾಲನ್ನು ಒಂದು ಪೆಡಲಿನಿಂದ ಮತ್ತೊಂದಕ್ಕೆ ಸಾಗಿಸುವ ಹೊತ್ತು ಉಳಿಯುತ್ತದೆ ಎನ್ನುತ್ತಾರೆ. ಸೆಕೆಂಡಿನಲ್ಲಿ ಐದರಲ್ಲೊಂದು ಪಾಲು ಉಳಿಯಿತೆಂದೇ ಇಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರು ಓಡುವ ಕಾರು ಅಷ್ಟರಲ್ಲಿ 3.3 ಮೀಟರು, ಎಂದರೆ ಹತ್ತಿರ ಹತ್ತಿರ ಎರಡು ಮಾರು, ಸಾಗಿರುತ್ತದೆ. ಅಡ್ಡ ಬಂದ ಮಗುವಿನ ಪಾಲಿಗೆ ಎರಡು ಮಾರು ಸಣ್ಣ ದೂರವಲ್ಲ.

ಪಂದ್ಯದ ಕಾರುಗಳನ್ನೂ ಅವರು ಉದಾಹರಿಸುತ್ತಾರೆ. ಫಿನ್‌ಲೆಂಡಿನ ರೌನೋ ಆಲ್ತೋನೆನ್ ಮೊದಲಾದವರು 1960ರ ದಶಕದಲ್ಲಿಯೇ ರ್‍ಯಾಲಿ ಪಂದ್ಯಗಳಲ್ಲಿ ಎಡಗಾಲಿನಿಂದ ಬ್ರೇಕು ಹಿಡಿದವರು. 1989ರಲ್ಲಿ ಫೆರಾರಿ ತಂಡದವರು ಗೇರು ಬದಲಿಸುವ ಕೆಲಸವನ್ನು ಸ್ಟಿಯರಿಂಗಿನ ಹಿಂದೆ, ಬೆರಳುಗಳಿಗೆ ಒಪ್ಪಿಸಿದರು. ಆ ಮೇಲೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಎಡಗಾಲಿಗೆ ಬ್ರೇಕು, ಬಲಗಾಲಿಗೆ ಆಕ್ಸಿಲರೇಟರು ಎಂಬ ಹಂಚಿಕೆಯೇ ರೂಢಿಯಾಯಿತು. ಇವೆಲ್ಲ ನಿಜ. ಆದರೆ ಅವರು ವರ್ಷಗಟ್ಟಲೆ ಸಾಧನೆ ಮಾಡಿದವರು. ಸೀಟಿಗೆ ಬಿಗಿಯಾಗಿ ಕಟ್ಟಿಕೊಂಡು ಕುಳಿತವರು. ಅವರ ದಾರಿಯಲ್ಲಿ ತರಕಾರಿ ಗಾಡಿಯಿಲ್ಲ, ದನವಿಲ್ಲ, ಶಾಲೆಗೆ ಹೊರಟ ಮಕ್ಕಳಿಲ್ಲ.

ನಮ್ಮ ಎಡಗಾಲಿನ ಸಂಸ್ಕಾರವೇ ಬೇರೆ. ಕ್ಲಚ್ಚನ್ನು ಒಮ್ಮೆಗೇ ಪೂರ್ತಿ ಒತ್ತಿ, ಬಿಡುವಾಗ ಮೆಲ್ಲಗೆ ಬಿಡಬೇಕು. ಬ್ರೇಕನ್ನು ಒತ್ತುವಾಗಲೇ ಹದವರಿತು ಒತ್ತಬೇಕು. ಕ್ಲಚ್ಚಿಗೆ ಪಳಗಿದ ಕಾಲಿಗೆ ಬ್ರೇಕನ್ನು ಒಪ್ಪಿಸುವುದು, ಒನಕೆ ಹಿಡಿದ ಕೈಗೆ ಮಲ್ಲಿಗೆ ಕಟ್ಟಲು ಹೇಳಿದ ಹಾಗೆ. ಇನ್ನೊಂದು ದೋಷವಿದೆ. ಕಾಯುವ ಕಾಲು ಸುಮ್ಮನೆ ಕಾಯುವುದಿಲ್ಲ. ದಣಿದು ಪೆಡಲಿನ ಮೇಲೆ ಒರಗುತ್ತದೆ. ಹಿಂದಿನ ಕೆಂಪು ದೀಪ ಹತ್ತಿಯೇ ಇರುತ್ತದೆ. ನೀವು ನಿಜವಾಗಿ ನಿಲ್ಲಿಸುವುದು ಯಾವಾಗ ಎಂಬುದು ಹಿಂದೆ ಬರುವವರಿಗೆ ತಿಳಿಯುವುದಿಲ್ಲ. ಬ್ರೇಕು ಸವೆಯುತ್ತದೆ, ಆಗುಂಬೆಯಂತಹ ಘಟ್ಟದ ಇಳಿಜಾರಿನಲ್ಲಾದರೆ ಕಾದು ಹಿಡಿತವನ್ನೇ ಕಳೆದುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬೆಚ್ಚಿಬಿದ್ದ ಗಳಿಗೆಯಲ್ಲಿ ಎರಡು ಕಾಲೂ ಒಟ್ಟಿಗೆ ಊರಿಕೊಳ್ಳಲು ಹವಣಿಸುತ್ತವೆ. ಒಂದು ಕಾಲು ನಿಲ್ಲು ಎನ್ನುತ್ತದೆ, ಇನ್ನೊಂದು ಓಡು ಎನ್ನುತ್ತದೆ. ಹಾಗಾದಾಗ ಬ್ರೇಕಿನ ಮಾತಿಗೇ ಬೆಲೆಕೊಟ್ಟು ಎಂಜಿನ್ನನ್ನು ಅಡಗಿಸುವ ಏರ್ಪಾಡು ಈಗಿನ ಹಲವು ಕಾರುಗಳಲ್ಲಿದೆ. ಎಲ್ಲ ಕಾರುಗಳಲ್ಲಿಯೂ ಇದೆಯೆಂದು ನಂಬುವಂತಿಲ್ಲ. ಒಂದೇ ಕಾಲು ಎರಡು ಕಡೆ ಇರಲಾರದು. ಬಲಗಾಲೊಂದನ್ನೇ ಬಳಸಬೇಕೆನ್ನುವುದರ ತಿರುಳು ಇದು.

ಉಳಿಯುವ ಆ ಎರಡು ಮಾರಿನ ಮಾತೇನು ಎಂದು ನೀವು ಕೇಳಬಹುದು. ಅದನ್ನು ಬಲಗಾಲಿನಿಂದಲೇ ಗಳಿಸಬಹುದು. ಶಾಲೆಯ ಬಾಗಿಲು, ಬಸ್ಸು ನಿಲ್ಲುವ ಜಾಗ, ಸಂತೆಯ ಬೀದಿ ಕಂಡೊಡನೆ ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆದು ಬ್ರೇಕಿನ ಮೇಲೆ, ಒತ್ತದೆ, ಹಿಡಿದುಕೊಂಡಿರಿ. ಮುಂದಿನ ವಾಹನದಿಂದ ಇನ್ನಷ್ಟು ದೂರ ಬಿಡಿ.

ಹಳೆಯ ರೂಢಿ ಎಷ್ಟು ಬಲವಾದುದೆಂಬುದನ್ನು ನಮ್ಮ ಹಿರಿಯ ಮೋಟಾರು ಸೈಕಲ್ ಸವಾರರು ಬಲ್ಲರು. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳಲ್ಲಿ ಗೇರು ಎಡಕ್ಕೆ, ಬ್ರೇಕು ಬಲಕ್ಕೆ. ಒಂದನ್ನು ಬಿಟ್ಟು ಇನ್ನೊಂದನ್ನು ಹತ್ತಿದವರು ಬ್ರೇಕೆಂದು ಗೇರನ್ನು ತುಳಿದರೆ ಆಶ್ಚರ್ಯವೇನು?

ಬಲಗಾಲನ್ನೇ ಬಳಸಿದರೆ ಅಪಾಯವಿಲ್ಲವೆ? ಇದೆ, ಅದನ್ನು ಮುಚ್ಚಿಡಬಾರದು. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರಿನ ವಿಚಾರದಲ್ಲಿ ದೊಡ್ಡ ಗದ್ದಲವೆದ್ದಿತು. ನಿಂತ ಕಾರು ತಾನಾಗಿ ನುಗ್ಗುತ್ತದೆ, ಬ್ರೇಕನ್ನು ಎಷ್ಟು ಒತ್ತಿದರೂ ನಿಲ್ಲುವುದಿಲ್ಲ ಎಂಬ ದೂರು. ಅಲ್ಲಿಯ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆ ಇಂತಹ ದೂರುಗಳನ್ನೆಲ್ಲ ಪರೀಕ್ಷಿಸಿ 1989ರಲ್ಲಿ ವರದಿ ಕೊಟ್ಟಿತು. ಬಹುಪಾಲು ಪ್ರಕರಣಗಳಲ್ಲಿ ಓಡಿಸುವವರು ಬ್ರೇಕೆಂದು ಭಾವಿಸಿ ಆಕ್ಸಿಲರೇಟರನ್ನೇ ಒತ್ತಿದ್ದರು! 2019ರ ಏಪ್ರಿಲಿನಲ್ಲಿ ಟೋಕಿಯೋ ನಗರದ ಇಕೆಬುಕುರೊ ಎಂಬಲ್ಲಿ 87 ವರ್ಷದ ವೃದ್ಧರೊಬ್ಬರ ಕಾರು ನುಗ್ಗಿ ಒಬ್ಬ ತಾಯಿ, ಆಕೆಯ ಮೂರು ವರ್ಷದ ಮಗಳು ಇಬ್ಬರೂ ತೀರಿಕೊಂಡರು. ಕಾರೇ ಕೆಟ್ಟಿತ್ತೆಂದು ವೃದ್ಧರು ವಾದಿಸಿದರು. ಬ್ರೇಕೆಂದು ಆಕ್ಸಿಲರೇಟರನ್ನು ಒತ್ತಿದ್ದೇ ಕಾರಣವೆಂದು 2021ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇಲ್ಲಿಯ ದುರಂತವನ್ನು ಗಮನಿಸಿ. ಕಾಲು ತಪ್ಪಿದವನಿಗೆ ತಾನು ತಪ್ಪಿದೆನೆಂಬುದು ತಿಳಿಯುವುದಿಲ್ಲ. ಕಾರು ನುಗ್ಗಿದಷ್ಟೂ ಬ್ರೇಕು ಸಾಲದೆಂದು ಇನ್ನೂ ಬಲವಾಗಿ ಒತ್ತುತ್ತಾನೆ.

ಆದುದರಿಂದ ಕೆಲವು ನೇಮಗಳನ್ನು ನಾನು ಹಾಕಿಕೊಂಡಿದ್ದೇನೆ. ನಿಮ್ಮ ಮುಂದೆಯೂ ಇಡುತ್ತೇನೆ.

ಕುಳಿತೊಡನೆ ಎಡಗಾಲನ್ನು ಎಡಗಡೆಯ ಮೂಲೆಗೆ ಊರಿ, ಅಲ್ಲಿಯೇ ಇರಿಸಿ. ಬಲಗಾಲಿನ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲಿಟ್ಟು, ಮುಂಗಾಲನ್ನು ಮಾತ್ರ ಆಕ್ಸಿಲರೇಟರಿನ ಕಡೆಗೆ ಹೊರಳಿಸಿ. ಆಗ ಕಾಲಿಗೆ ಬ್ರೇಕೇ ತವರು, ಆಕ್ಸಿಲರೇಟರು ನೆಂಟರ ಮನೆ. ಹಿಂದಕ್ಕೆ ನಡೆಸುವಾಗ ಮೈ ತಿರುಗಿಸಿ ನೋಡುತ್ತೇವೆ. ಮೈಯೊಡನೆ ಕಾಲೂ ಸರಿಯುತ್ತದೆ. ತಿರುಗಿದ ಮೇಲೆ ಕಾಲು ಎಲ್ಲಿದೆಯೆಂದು ಇನ್ನೊಮ್ಮೆ ನೋಡಿಕೊಳ್ಳಿ. ಗೇರಿನ ಕೋಲು 'ಡಿ'ಯಲ್ಲಿದ್ದರೆ ಬ್ರೇಕು ಬಿಟ್ಟೊಡನೆ ಕಾರು ತಾನಾಗಿ ತೆವಳುವುದುಂಟು. ಗೇಟು ತೆಗೆಯಲು ಇಳಿಯುವ ಮುನ್ನ 'ಪಿ'ಗೆ ಹಾಕಿ, ಕೈಬ್ರೇಕು ಎಳೆಯಿರಿ. ಸಡಿಲವಾದ ಚಪ್ಪಲಿಯಲ್ಲಿ ಓಡಿಸಬೇಡಿ. ನೀರಿನ ಬಾಟಲಿಯನ್ನು ಕಾಲ ಬಳಿ ಉರುಳಲು ಬಿಡಬೇಡಿ. ಅದು ಬ್ರೇಕಿನ ಅಡಿಗೆ ಸೇರಿದರೆ ಯಾವ ಕಾಲೂ ಉಪಯೋಗಕ್ಕೆ ಬಾರದು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಕಾರು ನಿಮ್ಮ ಮಾತು ಮೀರಿ ನುಗ್ಗಿತೆಂದರೆ, ಒತ್ತಿರುವ ಕಾಲನ್ನು ಮೊದಲು ಪೂರ್ತಿ ಎತ್ತಿ, ಆಮೇಲೆ ಬ್ರೇಕನ್ನು ಹುಡುಕಿ ಒತ್ತಿ. ಮನಸ್ಸು ಒತ್ತು ಎಂದು ಕೂಗುವ ಹೊತ್ತಿನಲ್ಲಿ ಎತ್ತುವುದು ಕಷ್ಟ. ಆದ್ದರಿಂದಲೇ ಎಂಜಿನ್ನು ನಿಲ್ಲಿಸಿದ ಕಾರಿನಲ್ಲಿ ಕುಳಿತು ಇದನ್ನು ಹತ್ತಾರು ಸಲ ಅಭ್ಯಾಸ ಮಾಡಬೇಕು. ಮಕ್ಕಳು ಮಗ್ಗಿ ಒಪ್ಪಿಸುವಂತೆ ಕಾಲು ಇದನ್ನು ಒಪ್ಪಿಸಬೇಕು.

ಬಲಗಾಲು ಊನವಾದವರ ವಿಚಾರ ಬೇರೆ. ಎಡಗಾಲಿಗೆ ಒದಗುವಂತೆ ಆಕ್ಸಿಲರೇಟರನ್ನು ಎಡಕ್ಕೆ ಜೋಡಿಸುವ ಕ್ರಮವಿದೆ. ಅವರಿಗೂ ಎರಡು ಪೆಡಲಿಗೆ ಒಂದೇ ಕಾಲು ಎಂಬುದನ್ನು ನೀವು ಗಮನಿಸಬೇಕು.

ಈಗ ಪ್ರತಿ ಸಲ ಕಾರಿನಲ್ಲಿ ಕುಳಿತಾಗಲೂ ನಾನು ಎಡ ಮಂಡಿಯನ್ನು ಒಮ್ಮೆ ತಟ್ಟುತ್ತೇನೆ. "ಏನ್ರೀ ಅದು, ಮಂಡಿನೋವೆ?" ಎಂದು ನನ್ನಾಕೆ ಮೊದಮೊದಲು ಕೇಳುತ್ತಿದ್ದಳು. ನೋವಲ್ಲ, ಇಪ್ಪತ್ತೈದು ವರ್ಷ ದುಡಿದ ಆಳಿಗೆ ನಿವೃತ್ತಿಯನ್ನು ನೆನಪಿಸುವುದು. ನಿವೃತ್ತನಾದವನು ಹಳೆಯ ಕಚೇರಿಗೆ ಮರೆತು ಹೋಗಿ ಕುಳಿತರೆ ನಾಲ್ಕು ಜನ ನಗುತ್ತಾರೆ, ಅಷ್ಟೆ. ನಿವೃತ್ತವಾದ ಕಾಲು ಹಾಗೆ ಹೋದರೆ, ಹಿಂದಿನ ಸ್ಕೂಟರಿನಲ್ಲಿ ತಂದೆಯ ಬೆನ್ನನ್ನು ತಬ್ಬಿ ಕುಳಿತ ಮಗುವೊಂದಿರುತ್ತದೆ.