ಗುಂಡಿಯಲ್ಲಿ ನಡೆದ ಗಗನಯಾತ್ರಿ, ಬೀದಿಗೆ ಬಂದ ರೈತ

(ಟಿ. ದಾಸರಹಳ್ಳಿಯ ರೈತ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಂದ ಸುಲ್ತಾನ್‌ಪಾಳ್ಯ ಬಹಳ ದೂರವೇನಲ್ಲ. 2015ರಲ್ಲಿ ಅಲ್ಲಿ ನಡುರಸ್ತೆಯಲ್ಲಿ ಹಳ್ಳ ಬಿದ್ದು ನೀರು ನಿಂತಿತ್ತು. ನಂಜುಂಡಸ್ವಾಮಿ ಅನ್ನೋರು, ನಮ್ಮ ಪ್ರೊಫೆಸರಲ್ಲ, ಕಲಾವಿದ ಬಾದಲ್ ನಂಜುಂಡಸ್ವಾಮಿ, ಅದರೊಳಗೆ ಮೊಸಳೆ ಬೊಂಬೆ ತಂದು ಮಲಗಿಸಿದರು. 2019ರಲ್ಲಿ ಹೇರೋಹಳ್ಳಿಯ ತುಂಗಾನಗರದಲ್ಲಿ ಅವರದೇ ಇನ್ನೊಂದು ಆಟ: ಗಗನಯಾತ್ರಿ ವೇಷ ಹಾಕಿಸಿ, ರಸ್ತೆ ಗುಂಡಿಗಳಲ್ಲಿ ಚಂದ್ರನ ಮೇಲೆ ನಡೆದ ಹಾಗೆ ನಡೆಸಿದರು. ಚಂದ್ರಯಾನ-2 ಆಕಾಶದಲ್ಲಿದ್ದ ದಿನಗಳವು. ದೇಶವೆಲ್ಲ ನಕ್ಕಿತು. ಪಾಲಿಕೆ ಓಡಿಬಂದು ರಿಪೇರಿಗೆ ಕೈ ಹಾಕಿತು. ಅರ್ಜಿಗೆ ಅಲುಗದವರು ನಗೆಗೆ ಅಲುಗಿದರು.

ಆಟ ಆಡೋದು ನಮ್ಮ ಚಳವಳಿಗೂ ಗೊತ್ತು. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಕಂಪನಿಯ ಪ್ರಯೋಗದ ಹತ್ತಿ ಕಿತ್ತು ಸುಟ್ಟಾಗ, ರೈತ ಸಂಘ ಅದಕ್ಕೆ ದಹನ ಅಂತಲೇ ಹೆಸರಿಟ್ಟಿತು. ಅಣಕು ಶವಯಾತ್ರೆ, ಖಾಲಿ ಕೊಡ, ಬಾರುಕೋಲು, ಹೆಗಲ ಮೇಲಿನ ಹಸಿರು ಶಾಲು, ಇವೆಲ್ಲ ಏನು ಸ್ವಾಮಿ? ಬೀದಿ ನಾಟಕವೇ.

ಹಾಗಾದರೆ ಗುಂಡಿ ಬೇಗ ಮುಚ್ಚುತ್ತೆ, ನಮ್ಮ ಸಾಲ ಯಾಕೆ ತೀರಲ್ಲ? ಗುಂಡಿ ಕಣ್ಣಿಗೆ ಕಾಣುತ್ತೆ, ಸಾಲ ಕಾಣಲ್ಲ. ಈರುಳ್ಳಿ ರಸ್ತೆಗೆ ಸುರಿದರೆ ಪಟ್ಟಣದವನಿಗೆ ಕಾಣೋದು ಹಾಳಾದ ಈರುಳ್ಳಿ ಮಾತ್ರ, ನಮ್ಮ ಖರ್ಚಲ್ಲ. ನಷ್ಟದ ಮೇಲೆ ನಷ್ಟ ನಮಗೇ.

ಅದಕ್ಕೆ ನಾನು ಹೇಳೋದು, ಸುರಿಯೋದು ಬೇಡ, ತೂಗೋಣ. ದೊಡ್ಡ ತಕ್ಕಡಿ ಕಟ್ಟಿ. ಒಂದು ತಟ್ಟೆಗೆ ಒಂದು ಮೂಟೆ ಈರುಳ್ಳಿ ಇಡಿ. ಇನ್ನೊಂದಕ್ಕೆ ಖರ್ಚು ಕೂಗಿ ಕೂಗಿ ಕಲ್ಲು ಹೇರಿ: ಬೀಜ, ಗೊಬ್ಬರ, ಔಷಧಿ, ಕೂಲಿ, ಲಾರಿ ಬಾಡಿಗೆ, ಬಡ್ಡಿ. ಈರುಳ್ಳಿ ತಟ್ಟೆ ಮೇಲಕ್ಕೆ ಹೋಗೋದು ಮಗುವಿಗೂ ಕಾಣುತ್ತೆ. 2021ರ ಆದೇಶ ಬಂದ ಮೇಲೆ ಬೆಂಗಳೂರಲ್ಲಿ ಪ್ರತಿಭಟನೆಯನ್ನು ಫ್ರೀಡಂ ಪಾರ್ಕಿನೊಳಗೇ ಕೂಡಿಹಾಕಿದ್ದಾರೆ. ಆದ್ದರಿಂದ ಮೊದಲ ಆಟ ನಮ್ಮ ಹೋಬಳಿ ಸಂತೆಗಳಲ್ಲೇ ಆಗಲಿ.

ಇನ್ನೊಂದು ಮಾತು, ಕಹಿಯಾದರೂ ಕೇಳಿ. 1975ರಲ್ಲಿ ಹುಟ್ಟಿದ ಸಮುದಾಯ ತಂಡ 'ಬೆಲ್ಚಿ' ಎಂಬ ನಾಟಕವನ್ನು ಬೀದಿಗಳಲ್ಲಿ ಆಡಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಆ ನಾಟಕದ ಬೆರಳು ಬರೀ ಸರ್ಕಾರದ ಕಡೆಗೆ ತಿರುಗಿರಲಿಲ್ಲ, ಜಮೀನಿದ್ದವರ ಕಡೆಗೂ ತಿರುಗಿತ್ತು. ನಮಗೂ ಜಮೀನಿದೆ ಅನ್ನೋದನ್ನ ಮರೆಯಬಾರದು.

ಆದ್ದರಿಂದ ತಕ್ಕಡಿಗೆ ಕೂಲಿಯ ಕಲ್ಲನ್ನು ಕೂಲಿ ಮಾಡಿದವರೇ ಬಂದು ಇಡಲಿ. ಕೈಗೆ ಸಿಕ್ಕಿದ್ದೆಷ್ಟು ಅಂತ ಅವರೇ ಕೂಗಲಿ. ಅದನ್ನು ಕೇಳೋ ಧೈರ್ಯ ನಮಗಿಲ್ಲದಿದ್ದರೆ, ನ್ಯಾಯವಾದ ಬೆಲೆ ಕೊಡಿ ಅಂತ ಸರ್ಕಾರದ ಮುಂದೆ ಕೇಳೋ ಬಾಯಿ ನಮಗೆಲ್ಲಿಂದ ಬರುತ್ತೆ?