ಪಿಡಿಎಫ್‌ನಲ್ಲಿ ಬರೆದ ನೋಟ್ ಓನರ್‌ಗೆ ಕಾಣಲೇ ಇಲ್ಲ

ಇವತ್ತು ನಮ್ಮ ಮನೆ ಬಾಡಿಗೆ ಕರಾರಿನ ಕಥೆ. ಅದರಲ್ಲಿ ಒಂದು ಪಿಡಿಎಫ್ ಇದೆ, ಎಡವಟ್ಟೆಲ್ಲಾ ಆಗಿದ್ದು ಅಲ್ಲೇ.

ಹೋದ ವರ್ಷ ಹಲಸೂರು ಕೆರೆ ಹತ್ತಿರ ನಾವು ಮೂವರು ಫ್ರೆಂಡ್ಸ್ ಒಂದು ಮನೆ ನೋಡಿದ್ವಿ. ಓನರ್ ಅಂಕಲ್ ಕರಾರಿನ ಡ್ರಾಫ್ಟ್ ವಾಟ್ಸಾಪ್ ಮಾಡಿದ್ರು. ಮಾಮೂಲಿ 11 ತಿಂಗಳದ್ದು. ಒಂದು ವರ್ಷ ಮೀರಿದ್ರೆ ರಿಜಿಸ್ಟರ್ ಮಾಡಿಸಲೇಬೇಕಲ್ಲ, ಅದಕ್ಕೇ ಊರೆಲ್ಲಾ 11. ಮೂವರಲ್ಲಿ ಬಿ.ಕಾಂ. ಓದಿದವನು ನಾನೊಬ್ಬನೇ ಅಂತ ಅದನ್ನ ಓದೋ ಕೆಲಸ ನನ್ನ ತಲೆಗೇ ಬಂತು.

ಡೆಸ್ಕ್‌ಟಾಪ್‌ನಲ್ಲಿ ಓದಿ, ಮೂರು ಕಡೆ ಹಳದಿ ಸ್ಟಿಕಿ ನೋಟ್ ಹಾಕಿದೆ. ಮುಖ್ಯವಾದದ್ದು ಪೇಂಟಿಂಗ್. ಮನೆ ಬಿಡುವಾಗ ಅಡ್ವಾನ್ಸ್‌ನಿಂದ ಎರಡು ತಿಂಗಳ ಬಾಡಿಗೆ ಮುರ್ಕೋತೀವಿ ಅಂತಿತ್ತು. ‘ಅಂಕಲ್, ಒಂದು ತಿಂಗಳದ್ದು ಅಂತ ಮಾತಾಗಿತ್ತು’ ಅಂತ ಬರೆದು ಕಳಿಸಿದೆ. ಹತ್ತೇ ನಿಮಿಷಕ್ಕೆ ಉತ್ತರ: “ಸರಿ ಕಣಪ್ಪಾ, ಪ್ರಿಂಟ್ ತೆಗೆಸ್ತೀನಿ.”

ಶಿವಾಜಿನಗರದಲ್ಲಿ ಸ್ಟಾಂಪ್ ಪೇಪರ್ ಮೇಲೆ ಪ್ರಿಂಟೂ ಆಯ್ತು. ಸೈನ್ ಹಾಕೋಕೆ ಪೆನ್ ತೆಗೆದು ನೋಡ್ತೀನಿ, ಎರಡು ತಿಂಗಳು ಹಾಗೇ ಇದೆ! ಮೋಸ ಮಾಡಿದ್ರು ಅಂದ್ಕೊಂಡೆ. ಸಿಟ್ಟಲ್ಲಿ ಕೇಳೇಬಿಟ್ಟೆ. ಪಾಪ, ಅವರು ತಮ್ಮ ಮೊಬೈಲ್ ತೆಗೆದು ತೋರಿಸಿದ್ರು. ಅದರಲ್ಲಿ ಒಂದು ನೋಟೂ ಇಲ್ಲ.

ಯಾಕೆ? ಪಿಡಿಎಫ್ ಬಂದಿದ್ದು 1993ರಲ್ಲಿ, ಅಡೋಬಿಯಿಂದ. 2008ರಿಂದ ಅದು ಐಎಸ್ಒ ಸ್ಟ್ಯಾಂಡರ್ಡ್. ಅದರಲ್ಲಿ ಪುಟದ ಅಕ್ಷರಗಳು ಬೇರೆ, ನಾವು ಸೇರಿಸೋ ಗುರುತುಗಳು ಬೇರೆ. ಗುರುತುಗಳನ್ನ ಪುಟದ ಮೇಲೆ ಅಂಟಿಸಿದ ಚೀಟಿ ಅಂದ್ಕೊಳ್ಳಿ. ತೋರಿಸೋದು ಬಿಡೋದು ನೋಡೋ ಆ್ಯಪ್‌ಗೆ ಬಿಟ್ಟಿದ್ದು. ಪ್ರಿಂಟ್ ಕೊಟ್ಟಾಗಲೂ ಅಷ್ಟೇ, ಸ್ಟಿಕಿ ನೋಟ್‌ನ ಒಳಗಿನ ಬರಹ ಸಾಮಾನ್ಯವಾಗಿ ಕಾಗದಕ್ಕೆ ಬರಲ್ಲ.

ಈಗ ನಾನು ಸ್ಟಿಕಿ ನೋಟ್ ಬಿಟ್ಟು ಟೆಕ್ಸ್ಟ್ ಬಾಕ್ಸ್‌ನಲ್ಲಿ ನೇರ ಪುಟದ ಮೇಲೇ ಬರೀತೀನಿ. ಆಮೇಲೆ ವಿಂಡೋಸ್‌ನ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಕೊಟ್ಟು ಹೊಸ ಫೈಲ್ ಮಾಡ್ತೀನಿ. ಆಗ ಬರೆದಿದ್ದು ಪುಟದಲ್ಲೇ ಬೆರೆತುಹೋಗುತ್ತೆ, ಯಾವ ಫೋನಲ್ಲಾದ್ರೂ ಕಾಣುತ್ತೆ. ತುಂಬಾ ಕಾಮೆಂಟ್ ಇದ್ರೆ ಅಕ್ರೋಬ್ಯಾಟ್ ರೀಡರ್‌ನ ಪ್ರಿಂಟ್ ವಿಂಡೋದಲ್ಲಿ ‘ಸಮ್ಮರೈಸ್ ಕಾಮೆಂಟ್ಸ್’ ಅಂತಿದೆ, ಎಲ್ಲಾ ಪಟ್ಟಿಯಾಗಿ ಬರುತ್ತೆ. ಕಳಿಸೋ ಮುಂಚೆ ನನ್ನದೇ ಮೊಬೈಲ್‌ನಲ್ಲಿ ಒಂದು ಸಲ ತೆಗೆದು ನೋಡ್ತೀನಿ.

ಈ ಚೀಟಿ ವಿಷಯದಲ್ಲಿ ಇನ್ನೊಂದು ಕಡೆ ಇನ್ನೂ ಜೋರಾಗಿ ಸಿಕ್ಕಾಕೊಂಡೆ. ಅದೇ ಡ್ರಾಫ್ಟನ್ನ ಕೆ.ಆರ್. ಪುರದಲ್ಲಿರೋ ನಮ್ಮ ದೊಡ್ಡಪ್ಪನ ಮಗ ಅಣ್ಣನಿಗೆ ಕಳಿಸಿದ್ದೆ, ಒಂದು ಸಲ ನೋಡು ಅಂತ. ಮೂವರ ಆಧಾರ್ ನಂಬರ್ ಮೇಲೂ ಕಪ್ಪು ಡಬ್ಬಿ ಎಳೆದಿದ್ದೆ. ಅಣ್ಣ ಫೋನ್ ಮಾಡಿ ನನ್ನ ನಂಬರ್ ಗಟ್ಟಿಯಾಗಿ ಓದಿದ! ಮೌಸಲ್ಲಿ ಡಬ್ಬಿನ ಪಕ್ಕಕ್ಕೆ ಎಳೆದಿದ್ದ, ಅಷ್ಟೇ. ದೊಡ್ಡ ವಕೀಲರೂ ಹೀಗೇ ಬಿದ್ದಿದ್ದಾರೆ: 2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲಿ ಕಪ್ಪು ಮಾಡಿದ ಸಾಲುಗಳನ್ನ ಪತ್ರಕರ್ತರು ಕಾಪಿ-ಪೇಸ್ಟ್ ಮಾಡಿ ಓದಿಬಿಟ್ರು. ಆಧಾರ್ ಪ್ರತಿಯನ್ನೇ ಕೊಡೋದಿದ್ರೆ ಯುಐಡಿಎಐ ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತೆ.

ಕರಾರು? ಪೇಂಟಿಂಗ್ ಒಂದೇ ತಿಂಗಳಿಗೆ ಇಳೀತು. ಹೊಸ ಸ್ಟಾಂಪ್ ಪೇಪರ್ ದುಡ್ಡು ಮಾತ್ರ, “ನೋಟ್ ನಿಂದು, ನೀನೇ ಕೊಡಪ್ಪಾ” ಅಂದ್ರು ಅಂಕಲ್. ಕೊಟ್ಟೆ. ಮುಂದಿನ ವಾರ ಸಿಗೋಣ.